ಆಯಿಯ ಎಡ ಅಂಗೈ

ಓಡುವಾಗ ನನ್ನ ಎಡಗೈ ಯಾವಾಗಲೂ ಎದೆಯ ಮೇಲೆ ಇರುತ್ತಿತ್ತು. ಚಿಕ್ಕಂದಿನಲ್ಲಿ ನನಗೆ ಲಿಂಗದೀಕ್ಷೆ ಆದ ದಿನ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಕಲಿಸಿದ ಅಭ್ಯಾಸ ಅದು. ಓಡು, ಬಗ್ಗು, ಹಳ್ಳ ದಾಟು, ಏನೇ ಮಾಡು. ಕೊರಳಲ್ಲಿ ಲಿಂಗವಿಟ್ಟ ಬೆಳ್ಳಿಯ ಕರಡಿಗೆ ಜೋಲಾಡದಂತೆ ಒಂದು ಕೈ ಅದರ ಮೇಲಿರಬೇಕು. ಕಾಲೇಜಿನಲ್ಲಿ ಫುಟ್‌ಬಾಲ್ ಕಲಿಸುವ ಸರ್ ಇದನ್ನು ಕಂಡು ತಲೆ ಚಚ್ಚಿಕೊಳ್ಳುತ್ತಿದ್ದರು. "ಎಡಗೈ ಕೆಳಗ ಬಿಡು ಬೇ! ಒಂದಿನ ಅದಕ್ಕ ಬಾಲ್ ಬಡದು ನಮ್ಮನ್ನ ಮುಳುಗಸ್ತಿ ನೋಡು." ನಾನು ಬಿಡುತ್ತಿದ್ದೆ. ಅದು ತಾನೇ ಮೇಲೆ ಹೋಗುತ್ತಿತ್ತು.

ನಮ್ಮದು ಜೇವರ್ಗಿ ತಾಲ್ಲೂಕಿನ ಅಂದೋಲಾ. ನಮ್ಮ ಕಡೆ ಹುಡುಗಿಯರು ಖೊಖೊ ಆಡಿದರೆ ಯಾರೂ ಏನೂ ಅನ್ನರು; ಚಡ್ಡಿ ತೊಟ್ಟು ಚೆಂಡು ಒದೆಯುತ್ತಾರೆಂದರೆ ಹತ್ತು ಮಂದಿ, ಹತ್ತು ಮಾತು. ಮನೆಯಲ್ಲಿ ಅಪ್ಪ ಸುಮ್ಮನೆ ಆಯಿಯ ಮುಖ ನೋಡಿದ. ಆಯಿ ಎರಡು ಕರಾರು ಹಾಕಿದಳು.

"ಆಡೂದಿದ್ರ ಆಡು. ಸೋಮವಾರ ಮಠದಾಗ ದಾಸೋಹಕ್ಕ ನೀಡೂದು ತಪ್ಪಬಾರದು. ಮತ್ತ ಲಿಂಗ ಮೈ ಬಿಡಬಾರದು. ಬಿಟ್ಟಿದ್ದು ಕಂಡೆ ಅಂದ್ರ ನಿನ್ನ ಕೈಯಾನ ತುತ್ತು ನಾ ಮುಟ್ಟೂದಿಲ್ಲ."

ಆಯಿಗೆ ಎರಡು ಹೊತ್ತೂ ಊಟ ಬಡಿಸುವವಳು ನಾನೇ. ಆಕೆ ಆಡಿದ ಮಾತೆಂದರೆ ಕಲ್ಲಿನ ಮೇಲಿನ ಗೆರೆ; ಅಪ್ಪನೂ ಅದನ್ನು ಅಳಿಸಲಾರ.

ಸೋಮವಾರ ಸಂಜೆಯೇ ನಮ್ಮ ಪ್ರಾಕ್ಟೀಸ್. ಏನು ಮಾಡಲಿ? ಇಡೀ ಟೀಮನ್ನೇ ಬಸ್ಸು ಹತ್ತಿಸಿ ನಮ್ಮೂರ ಮಠಕ್ಕೆ ಕರೆದೊಯ್ದೆ. ಅಡುಗೆಮನೆಯಿಂದ ಪಂಕ್ತಿಯವರೆಗೆ ಸಾಲಾಗಿ ನಿಂತು ರೊಟ್ಟಿಯ ಬುಟ್ಟಿ, ಹುಗ್ಗಿಯ ಬಕೆಟ್ಟುಗಳನ್ನು ಕೈಯಿಂದ ಕೈಗೆ ದಾಟಿಸಿದೆವು. ಮುಂದೆ ಸೋಮವಾರದ ಪ್ರಾಕ್ಟೀಸ್ ಎಂದರೆ ಅದೇ ರೂಢಿಯಾಯಿತು. ಊಟಕ್ಕೆ ಕೂತ ಮುದುಕರೂ "ಸಾರು ಪಾಸ್ ಮಾಡವ್ವಾ" ಎನ್ನತೊಡಗಿದರು. ನಮ್ಮ ಗೋಲ್‌ಕೀಪರ್ ಜೇವರ್ಗಿಯ ಮುಸಲ್ಮಾನರ ಹುಡುಗಿ. ಸಾರಿನ ಬಕೆಟ್ಟು ಆಕೆಯ ಕೈಯಲ್ಲಿ ಒಮ್ಮೆಯೂ ತುಳುಕಲಿಲ್ಲ. ಆಯಿಗೆ ನನಗಿಂತ ಆಕೆಯೇ ಮುದ್ದು. ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಕೊನೆಯ ವರ್ಷ ಅಫಜಲಪುರದಲ್ಲಿ ಆಳಂದ ಕಾಲೇಜಿನ ಹುಡುಗಿಯರೊಂದಿಗೆ ಫೈನಲ್. ಆಯಿಯ ತವರು ಅಲ್ಲೇ ಭೀಮಾ ದಂಡೆಯ ಮಣ್ಣೂರ. ತವರಿಗೆ ಬಂದಿದ್ದಾಕೆ, "ಅದೇನ್ ಒದೀತಾರೋ ನೋಡೂಣು" ಎಂದು ರೊಟ್ಟಿಗಂಟು ಕಟ್ಟಿಕೊಂಡು ಮೊದಲ ಸಲ ಮೈದಾನಕ್ಕೆ ಬಂದಿದ್ದಳು. ನಮ್ಮವರಲ್ಲಿ ಇಬ್ಬರಿಗೆ ಜ್ವರ, ಉಳಿದವರು ಸರಿಯಾಗಿ ಹನ್ನೊಂದು.

ಆಟಕ್ಕೆ ಮುಂಚೆ ರೆಫ್ರಿ ಒಬ್ಬೊಬ್ಬರ ಕಿವಿ, ಕೊರಳು, ತೋಳು ನೋಡುತ್ತ ಬಂದರು. ಹಿಂದಿನ ಮ್ಯಾಚುಗಳಲ್ಲಿ ಯಾರೂ ನೋಡಿರಲಿಲ್ಲ. ನನ್ನ ಕೊರಳಲ್ಲಿ ಕರಡಿಗೆ ಕಟ್ಟಿದ ಶಿವದಾರ ಕಂಡು ನಿಂತರು.

"ಇದು ತೆಗೀಬೇಕಾಗ್ತದ ತಂಗಿ."

"ತೆಗ್ಯೂದಿಲ್ರಿ."

"ಬೆಳ್ಳಿ ಕರಡಿಗಿ ಅದ. ಬಾಲ್ ಬಡದ್ರ ಎದಿ ಎಲುಬಿಗೆ ಪೆಟ್ಟಾಗ್ತದ. ರೂಲ್ಸ್ ಐತವ್ವ, ನಾ ಏನ್ ಮಾಡ್ಲಿ?"

ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. "ಹಂಗಾರ ನಾ ಆಡೂದೇ ಇಲ್ಲ" ಎಂದು ಬೂಟಿನ ಲೇಸು ಬಿಚ್ಚತೊಡಗಿದೆ. ಪಕ್ಕದಲ್ಲಿ ಗೋಲ್‌ಕೀಪರ್ ತನ್ನ ತೋಳಿನ ತಾಯತ ಬಿಚ್ಚುತ್ತಿದ್ದವಳು, "ಯಾ ಅಲ್ಲಾ! ಹತ್ತೇ ಮಂದಿ ಆಡೂದೇನ್ ಬೇ?" ಎಂದಳು. ನನಗೆ ಅಳು ಬಂತು. ಆಡಲೂ ಬೇಕಿತ್ತು, ಆಯಿಯೂ ಬೇಕಿತ್ತು.

ಆಯಿ ಎದ್ದು ಬಂದು ವಿಷಯ ಕೇಳಿದಳು. ಆಮೇಲೆ ರೆಫ್ರಿಯ ಕಡೆ ತಿರುಗಿದಳು. "ಎಷ್ಟೊತ್ತಿನ ಆಟರಿ ಇದು?"

"ಒಂದೂವರೆ ತಾಸ್ರಿ ಅಮ್ಮಾ. ನಡುವ ಸ್ವಲ್ಪ ಬಿಡುವು ಇರ್ತದ."

ಆಯಿ ಬಾಟಲಿಯ ನೀರಿನಲ್ಲಿ ಕೈ ತೊಳೆದುಕೊಂಡು ಎಡ ಅಂಗೈ ಚಾಚಿದಳು. "ಪೂಜಿ ಹೊತ್ತಿಗಿ ಲಿಂಗ ಅಂಗೈಯಾಗೇ ಇರ್ತದಲ್ಲ? ಇವತ್ತ ನನ್ನ ಅಂಗೈಯಾಗ ಇರ್ಲಿ. ನೀ ಹೋಗು."

"ಮತ್ತ ನೀ ಹೇಳಿದ ಮಾತು?"

"ಅದು ಆಮ್ಯಾಲ ನೋಡೂಣು."

ಕರಡಿಗೆ ಸಮೇತ ಲಿಂಗವನ್ನು ಆಕೆಯ ಅಂಗೈಯಲ್ಲಿಟ್ಟೆ. ಗೋಲ್‌ಕೀಪರ್ ಹಿಂದಿನಿಂದ ಬಂದು, "ಆಯಿ, ನಂದೂ ಇಟ್ಕೋರಿ" ಎಂದು ತಾಯತವನ್ನು ಆಯಿಯ ಸೆರಗಿನ ತುದಿಗೆ ಗಂಟು ಹಾಕಿ ಓಡಿದಳು.

ಕೊನೆಯ ಹತ್ತು ನಿಮಿಷದವರೆಗೂ ಯಾರಿಗೂ ಗೋಲಿಲ್ಲ. ಆಗ ಆಳಂದದ ಹುಡುಗಿಯೊಬ್ಬಳು ಒದ್ದ ಚೆಂಡು ನಮ್ಮ ಗೋಲಿನ ಮುಂದೆ ನಿಂತ ನನ್ನ ಎದೆಗೇ ಬಂತು. ಎದೆಯಲ್ಲಿ ತಡೆದು ದೂರ ಒದ್ದರೆ ಮುಗಿಯಿತು. ನನ್ನ ಎಡಗೈ ಮೇಲೆ ಹೋಯಿತು. ಅಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲವೆಂಬುದು ಕೈಗೆ ಗೊತ್ತಿರಲಿಲ್ಲ. ಚೆಂಡು ಕೈಗೆ ಬಡಿಯಿತು, ರೆಫ್ರಿ ಸೀಟಿ ಊದಿದರು, ಪೆನಾಲ್ಟಿ. ಗೋಲ್‌ಕೀಪರ್ ಬಲಕ್ಕೆ ಹಾರಿದಳು, ಚೆಂಡು ಎಡಕ್ಕೆ ಹೋಯಿತು. ಆ ಒಂದು ಗೋಲಿನಿಂದ ಸೋತೆವು.

ಸರ್ ಬಗ್ಗಿ ಚೆಂಡುಗಳನ್ನು ಚೀಲಕ್ಕೆ ತುಂಬತೊಡಗಿದರು; ಬೈದಿದ್ದರೆ ಚೆನ್ನಾಗಿತ್ತು. ಗೋಲ್‌ಕೀಪರ್ ಮೈದಾನದಲ್ಲೇ ಕುಸಿದು ಕೂತಿದ್ದ ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. "ಅಳಬ್ಯಾಡ ನಡೀ ಬೇ. ಆಯಿ ಕರಿಯಾಕತ್ತಾಳ."

ಆಯಿ ಬಿಸಿಲಲ್ಲೇ ಕೂತಿದ್ದಳು. ಎಡಗೈ ಇನ್ನೂ ಎದೆಯ ಮಟ್ಟದಲ್ಲಿ ಇತ್ತು. ಅದರ ಮೊಣಕೈಗೆ ಬಲಗೈ ಆಸರೆ ಕೊಟ್ಟಿದ್ದಳು. ಬಿಡುವಿನಲ್ಲಿ ನೀರು ಕೊಟ್ಟರೂ ಕುಡಿಯಲಿಲ್ಲವೆಂದು ಪಕ್ಕದಲ್ಲಿದ್ದವರು ಹೇಳಿದರು.

"ನನ್ನಿಂದ ಸೋತ್ವಿ ಆಯಿ. ಇಲ್ಲದ ಲಿಂಗಕ್ಕ ಕೈ ಹೋತು."

"ನೋಡ್ದೆ." ಶಿವದಾರವನ್ನು ನನ್ನ ಕೊರಳಿಗೆ ಹಾಕಿ, ಕರಡಿಗೆಯನ್ನು ಎದೆಯ ಮೇಲೆ ಸರಿಯಾಗಿ ಕೂರಿಸಿದಳು. "ಇಲ್ಲದಾಗೂ ಕೈ ಅಲ್ಲಿಗೇ ಹೋತಲ್ಲ ಯವ್ವಾ. ಮತ್ತ ಅದು ನಿನ್ನ ಮೈ ಬಿಟ್ಟಿತ್ತಂತ ಯಾರಂದ್ರು?"

ಆಮೇಲೆ ರೊಟ್ಟಿಗಂಟು ಬಿಚ್ಚು ಎಂದಳು. ಆಕೆಯ ಕೈ ಸೆಟೆದುಹೋಗಿತ್ತು. ರೊಟ್ಟಿ ಮುರಿದು, ಶೇಂಗಾ ಚಟ್ನಿ ಹಚ್ಚಿ ತುತ್ತು ಮಾಡಿದೆ. ಅದನ್ನು ಮುಂದೆ ಹಿಡಿಯಲು ಇನ್ನೂ ಅಂಜಿಕೆ. ಆಯಿ ಬಾಯಿ ತೆರೆದಳು.