ಎಡಗೈಗೆ ಒಂದು ರಿಮೋಟು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಆಕೆಯನ್ನು ಎಲ್ಲರೂ ಡಾಕ್ಟರಮ್ಮ ಎಂದೇ ಕರೆಯುತ್ತಿದ್ದರು. ಆಕೆ ಓದಿದ್ದು ಏಳನೆಯ ತರಗತಿ. ಗಂಡ ಟೀವಿ ರಿಪೇರಿ ಮಾಡುತ್ತಿದ್ದ, ಬೀದಿಯವರ ಬಾಯಲ್ಲಿ ಅವನು ಟೀವಿ ಡಾಕ್ಟರಾಗಿದ್ದ, ಹಾಗಾಗಿ ಇವಳು ಡಾಕ್ಟರಮ್ಮ. ನಿಜವಾದ ವೈದ್ಯರು ಓಡಾಡುವ ಕಟ್ಟಡದ ನೆಲಮಾಳಿಗೆಯಲ್ಲಿ ಈ ಹೆಸರು ಹಿಡಿದು ಗಟ್ಟಿಯಾಗಿ ಕೂಗುವುದು ಅಲ್ಲಿಯ ಹೆಂಗಸರಿಗೆ ಒಂದು ಕುಶಾಲು. ಆಕೆಯೂ ಬೇಸರವಿಲ್ಲದೆ ಓಗೊಡುತ್ತಿದ್ದಳು.

ಒದ್ದೆ ಹಾಸುಬಟ್ಟೆಗಳನ್ನು ಬಿಸಿ ರೋಲರಿಗೆ ಕೊಡುವುದು ಅವಳ ಕೆಲಸ. ಅದು ಒಬ್ಬರಿಂದ ಆಗುವಂಥದ್ದಲ್ಲ. ಒಂದು ತುದಿಯನ್ನು ಇವಳು ಹಿಡಿದರೆ ಇನ್ನೊಂದು ತುದಿಯನ್ನು ಜೊತೆಗಾತಿ ಹಿಡಿಯಬೇಕು. ಇಬ್ಬರೂ ಒಂದೇ ಬಿಗಿಯಲ್ಲಿ ಎಳೆದು ಕೊಟ್ಟರೆ ಮಾತ್ರ ಬಟ್ಟೆ ಸುಕ್ಕಿಲ್ಲದೆ ಆಚೆ ಬರುತ್ತದೆ. ಒಬ್ಬಳು ಬಾರದ ದಿನ ಇನ್ನೊಬ್ಬಳು ಕೈಕಟ್ಟಿ ನಿಂತು ಮೇಲ್ವಿಚಾರಕಿಯ ಬೈಗುಳ ತಿನ್ನಬೇಕು. ಆದ್ದರಿಂದ ಅಲ್ಲಿ ರಜೆ ಹಾಕುವವರನ್ನು ಕಂಡರೆ ಮೇಲಿನವರಿಗಿಂತ ಜೊತೆಯವರಿಗೇ ಹೆಚ್ಚು ಸಿಟ್ಟು. ಗಂಡ ಹಾಸಿಗೆ ಹಿಡಿದ ಮೇಲೆ ಡಾಕ್ಟರಮ್ಮ ಹಾಕಬಹುದಾದ ರಜೆಯೆಲ್ಲ ಹಾಕಿ ಮುಗಿಸಿದ್ದಳು. ಇನ್ನೊಂದು ದಿನ ತಪ್ಪಿಸಿದರೆ ಆ ತುದಿಗೆ ಬೇರೆಯವಳನ್ನು ನಿಲ್ಲಿಸುವುದಾಗಿ ಮೇಲ್ವಿಚಾರಕಿ ತಣ್ಣಗೆ ಹೇಳಿದ್ದಳು.

ಗಂಡನಿಗೆ ಪಾರ್ಶ್ವವಾಯು ಹೊಡೆದದ್ದು ಅಂಗಡಿಯಲ್ಲಿ, ಕೈಯಲ್ಲಿ ಸೋಲ್ಡರಿಂಗ್ ಐರನ್ ಹಿಡಿದು ಕೂತಿದ್ದಾಗ. ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತು ಹೋಯಿತು. ಬುದ್ಧಿ ಮಾತ್ರ ಎಲ್ಲಿತ್ತೋ ಅಲ್ಲೇ ಉಳಿಯಿತು. ಇದು ಅದೃಷ್ಟ ಎಂದು ಆಸ್ಪತ್ರೆಯವರು ಹೇಳಿದರು. ಅವರು ಮನೆಗೆ ಬಂದು ನೋಡಲಿಲ್ಲ.

ಮನೆಯೆಂದರೆ ಎರಡನೆಯ ಮಹಡಿಯ ಎರಡು ಕೋಣೆ. ಬೆಳಿಗ್ಗೆ ಹೊರಡುವ ಮುನ್ನ ಆಕೆ ಅವನನ್ನು ಎತ್ತಿ ತೋಳಿರುವ ಕುರ್ಚಿಯಲ್ಲಿ ಕೂರಿಸಿ, ಬಲಕ್ಕೆ ವಾಲದಂತೆ ದಿಂಬು ಒತ್ತಿಟ್ಟು, ಸ್ಟೂಲಿನ ಮೇಲೆ ನೀರಿನ ಬಾಟಲಿ ಇಟ್ಟು, ಟೀವಿ ಹಾಕಿ ಬಾಗಿಲೆಳೆದುಕೊಂಡು ಹೋಗುತ್ತಿದ್ದಳು. ಮಧ್ಯಾಹ್ನ ಕೆಳಮನೆಯಾಕೆ ಬಂದು ಊಟ ಮಾಡಿಸಿ ಹೋಗುವಳು. ಉಳಿದ ಹೊತ್ತಿಗೆಲ್ಲ ಅವನಿಗೆ ಆ ಟೀವಿಯೇ ಗತಿ. ಕಪ್ಪು ಅಂಚಿನ ದೊಡ್ಡ ಟೀವಿ, ಕೆಳಗಡೆ ಬೆಳ್ಳಿ ಅಕ್ಷರದಲ್ಲಿ ಹೆಸರಾಂತ ಕಂಪನಿಯ ಹೆಸರು. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದಾಗ ಹೊಸ ಪೆಟ್ಟಿಗೆಯಲ್ಲಿ, ಅಂಟುಪಟ್ಟಿ ಕೂಡ ಹರಿಯದಂತೆ ಅವನು ಹೊತ್ತು ತಂದದ್ದು. ಊರವರ ಹಳೆಯ ಡಬ್ಬಗಳ ಹೊಟ್ಟೆ ಸೀಳುತ್ತ ಬದುಕಿದವನು ಹೆಂಡತಿಗೆ ಹೊಸದನ್ನೇ ತಂದನಲ್ಲ ಎಂದು ಆಕೆ ನೆಲಮಾಳಿಗೆಯಲ್ಲಿ ವಾರಗಟ್ಟಲೆ ಕೊಚ್ಚಿಕೊಂಡಿದ್ದಳು.

ತೊಂದರೆಯಾದದ್ದು ರಿಮೋಟುಗಳಿಂದ. ಟೀವಿಗೊಂದು, ಚಾನೆಲ್ ಬರುವ ಸೆಟ್‌ಟಾಪ್ ಬಾಕ್ಸಿಗೊಂದು, ಸ್ಪೀಕರಿಗೊಂದು. ಮೂರನ್ನೂ ಮಡಿಲಲ್ಲಿಟ್ಟುಕೊಂಡು ಒಂದೇ ಕೈಯಲ್ಲಿ, ಅದೂ ಅಭ್ಯಾಸವಿಲ್ಲದ ಎಡಗೈಯಲ್ಲಿ ತಡಕಾಡುವಾಗ ತಪ್ಪು ಗುಂಡಿ ಒತ್ತಿಹೋಗುವುದು. ಪರದೆ ನೀಲಿಯಾಗಿ ‘ಸಿಗ್ನಲ್ ಇಲ್ಲ’ ಎಂದು ಬರೆದುಕೊಂಡು ನಿಂತುಬಿಡುವುದು. ಸರಿಪಡಿಸಬೇಕಾದ ರಿಮೋಟು ಅಷ್ಟರಲ್ಲಿ ಜಾರಿ ನೆಲಕ್ಕೆ ಬಿದ್ದಿರುವುದು. ಊರಿಗೆಲ್ಲ ಚಿತ್ರ ತರಿಸಿಕೊಟ್ಟವನಿಗೆ ಆ ನೀಲಿಯನ್ನು ನೋಡುತ್ತ ಕೂರುವುದು ಆಗದ ಮಾತು. ಬಗ್ಗಿದ, ಬಿದ್ದ. ಎರಡನೆಯ ಸಲ ಬಿದ್ದಾಗ ಕೆಳಮನೆಯಾಕೆ ಊಟಕ್ಕೆ ಬರುವವರೆಗೂ ಕೆನ್ನೆ ನೆಲಕ್ಕೊತ್ತಿಕೊಂಡು ಬಿದ್ದೇ ಇದ್ದ. ಟೀವಿಯ ರಿಮೋಟು ಅವನ ಪಕ್ಕೆಯಡಿ ಸಿಕ್ಕಿ ಪುಡಿಯಾಗಿತ್ತು.

ಸುದ್ದಿ ತಿಳಿದು ಗಂಡನ ಅಣ್ಣ ಬಂದರು. ಕೆಟ್ಟ ಮನುಷ್ಯರಲ್ಲ, ಅಳೆದು ಸುರಿದು ಮಾತಾಡುವವರು. ಊರಾಚೆ ಒಂದು ಆರೈಕೆ ಕೇಂದ್ರವಿದೆ, ನಾನೇ ಹೋಗಿ ನೋಡಿ ಬಂದಿದ್ದೇನೆ, ಹಾಸಿಗೆ ಚೊಕ್ಕಟವಾಗಿದೆ ಎಂದರು. ತಮ್ಮನೂ ಎದುರಿಗೇ ಕೂತಿದ್ದ. ಅವರು ಮಾತಾಡಿದ್ದೆಲ್ಲ ಅವನ ತಲೆಯ ಮೇಲಿಂದ, ದೊಡ್ಡವರು ಮಗುವಿನ ಎದುರು ಮಾತಾಡುವಂತೆ. ಅವನು ಗೋಡೆಯನ್ನು ನೋಡುತ್ತಿದ್ದ. ಆ ಗೋಡೆಯನ್ನು ಅವನು ಹಾಗೆ ನೋಡುವುದನ್ನು ಡಾಕ್ಟರಮ್ಮ ಕಂಡಳು. ಈ ಮನೆಯಿಂದ ಒಯ್ದರೆ ಈತ ಉಳಿಯುವುದಿಲ್ಲ ಎಂದು ಆಕೆಗೆ ತಟ್ಟನೆ ಖಚಿತವಾಯಿತು.

“ಬೀಳೋದು ರಿಮೋಟಿಂದ ಭಾವ,” ಎಂದಳು. “ಮೂರಕ್ಕೂ ಸೇರಿ ಒಂದೇ ರಿಮೋಟು ಬರುತ್ತಂತೆ. ಅದನ್ನ ಕುರ್ಚಿಗೆ ಕಟ್ಟಿಬಿಟ್ರೆ ಬಗ್ಗೋ ಪ್ರಮೇಯವೇ ಇರಲ್ಲ.”

“ರಿಮೋಟು ಅವನನ್ನ ಹಿಡ್ಕೊಂಡು ಕೂರುತ್ತೇನಮ್ಮಾ?”

ಆಕೆ ಎದ್ದು ಗಂಡನ ದಿಂಬನ್ನು ಸರಿಪಡಿಸಿದಳು. ಅವರು ಅದನ್ನು ನೋಡಿ, ಸೋಮವಾರ ನೀನು ಕೆಲಸಕ್ಕೆ ಹೋಗು, ನೋಡೋಣ ಎಂದರು. ಮತ್ತೆ ಬಿದ್ದರೆ ಮಂಗಳವಾರ ವ್ಯಾನು ತರುವುದು ನನ್ನ ಜವಾಬ್ದಾರಿ, ಆಗ ನೀನು ಅಡ್ಡ ಬರಬಾರದು ಎಂದೂ ಸೇರಿಸಿದರು. ಆಕೆ ಒಪ್ಪಿಕೊಂಡಳು. ಒಪ್ಪದೆ ಬೇರೆ ದಾರಿ ಇರಲಿಲ್ಲ.

ರಿಮೋಟು ಸಿಗುವ ಅಂಗಡಿ ಎಂದರೆ ಗಂಡನ ಎದುರಾಳಿಯದು. ಇಬ್ಬರೂ ಒಂದೇ ಬೀದಿಯಲ್ಲಿ ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಸೆಳೆದು, ವರ್ಷಗಳ ಕಾಲ ಮುಖ ಕೊಟ್ಟು ಮಾತಾಡದವರು.

“ಏನಮ್ಮಾ, ಡಾಕ್ಟರ ಮನೆಗೇ ನಮ್ಮ ಔಷಧಿ ಬೇಕಾಯ್ತಾ?” ಎಂದ ಅಂಗಡಿಯವನು. ಎಂದಮೇಲೆ ಅವಳ ಮುಖ ನೋಡಿ ನಾಲಿಗೆ ಕಚ್ಚಿಕೊಂಡು, ಇದ್ದಬದ್ದ ರಿಮೋಟುಗಳನ್ನೆಲ್ಲ ಗಾಜಿನ ಮೇಲೆ ಸುರಿದ.

ಹಳೆಯ ರಿಮೋಟನ್ನು ಎದುರಿಗಿಟ್ಟರೆ ಅದರಿಂದಲೇ ಕಲಿತುಕೊಳ್ಳುವಂಥದ್ದೊಂದು ಇತ್ತು, ಕಲಿಸಬೇಕಾದದ್ದು ಪುಡಿಯಾಗಿತ್ತು. ಟೀವಿಯ ಗುರುತನ್ನು ತಾನೇ ಹುಡುಕಿಕೊಳ್ಳುವಂಥದ್ದು ಇನ್ನೊಂದು; ಅದರ ಗುಂಡಿಗಳು ಸಾಸಿವೆ ಕಾಳಿನಷ್ಟು. ಫೋನಿನಲ್ಲೇ ಮಾಡಬಹುದು ಎಂದ ಅಂಗಡಿಯವನು. ನುಣುಪು ಗಾಜಿನ ಮೇಲೆ ಗಂಡನ ಬೆರಳು ನಿಲ್ಲುತ್ತಿರಲಿಲ್ಲ. ಡಾಕ್ಟರಮ್ಮ ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕಣ್ಣುಮುಚ್ಚಿ, ಒಂದೊಂದನ್ನೇ ಎಡಗೈಯಲ್ಲಿ ಎತ್ತಿ ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಹಿಂದೆ ನಿಂತಿದ್ದ ಗಿರಾಕಿಗಳು ಈಕೆಗೆ ತಲೆ ಕೆಟ್ಟಿದೆಯೆಂದುಕೊಂಡಿರಬೇಕು. ಕಡೆಗೆ ಆರಿಸಿದ್ದು ಅಗಲವಾದ, ಉಬ್ಬು ಗುಂಡಿಗಳ, ಹಿಂಬದಿ ರಬ್ಬರಿನದು. ಕಂಪನಿಗೆ ತಕ್ಕ ಸಂಖ್ಯೆಯನ್ನು ಅದಕ್ಕೆ ಒತ್ತಿ ತಿಳಿಸಬೇಕು. ಯಾವ ಕಂಪನಿಯೆಂದು ಅವನು ಕೇಳಿದ. ಬೆಳ್ಳಿ ಅಕ್ಷರದ ಹೆಸರನ್ನು ಆಕೆ ಹೇಳಿದಳು. ಅವನು ಅದರ ಸಂಖ್ಯೆಗಳನ್ನು ಬರೆದುಕೊಟ್ಟ.

ಮನೆಯಲ್ಲಿ ಸೆಟ್‌ಟಾಪ್ ಬಾಕ್ಸು ತಕ್ಷಣ ಮಾತು ಕೇಳಿತು. ಸ್ಪೀಕರೂ ಕೇಳಿತು. ಟೀವಿ ಜಪ್ಪಯ್ಯ ಎನ್ನಲಿಲ್ಲ. ಕೊಟ್ಟ ಸಂಖ್ಯೆಗಳನ್ನೆಲ್ಲ ಒತ್ತಿದಳು, ಬ್ಯಾಟರಿ ಬದಲಿಸಿದಳು, ಹತ್ತಿರ ಹೋಗಿ ಒತ್ತಿದಳು, ದೂರ ನಿಂತು ಒತ್ತಿದಳು. ಗಂಡ ಮೊದಲು ನೋಡುತ್ತಿದ್ದ. ಆಮೇಲೆ ಎಡಗೈ ಚಾಚಿ ರಿಮೋಟನ್ನು ಅವಳ ಕೈಯಿಂದ ತಳ್ಳಿದ. ಮತ್ತೆ ಹಿಡಿದರೆ ಮತ್ತೆ ತಳ್ಳಿದ. ಗಂಟಲಿನಿಂದ ಗರಗರ ಸದ್ದು ಹೊರಡಿಸಿ ತಲೆಯಾಡಿಸಿದ.

“ನಿಮಗೋಸ್ಕರ ತಾನೇ ರೀ ಒದ್ದಾಡ್ತಿರೋದು,” ಎಂದಳು. “ಹೋಗ್ಬೇಕಾ ಅಲ್ಲಿಗೆ? ಹೋಗಿ ಹಾಗಾದ್ರೆ.”

ಅಂದದ್ದು ಅಂದಾಗಿತ್ತು. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತಳು. ಟೀವಿ ಕೇಳದಿದ್ದರೆ ಕೇಳದಿರಲಿ, ಕೇಂದ್ರದಲ್ಲಿ ನೋಡಿಕೊಳ್ಳುವವರಿದ್ದಾರೆ, ತನಗೂ ಒಂದು ರಾತ್ರಿ ಬೆನ್ನು ನೆಲಕ್ಕೆ ಹತ್ತೀತು ಎಂಬ ಯೋಚನೆ ಬಂತು. ಅದು ಬಂದಾಗ ಮೈ ಹಗುರವಾದದ್ದು ನಿಜ. ಆ ಹಗುರಕ್ಕೆ ಹೆದರಿಯೇ ಆಕೆ ಚಪ್ಪಲಿ ಮೆಟ್ಟಿಕೊಂಡು ಮತ್ತೆ ಅಂಗಡಿಗೆ ನಡೆದಳು.

ಅಂಗಡಿಯವನು ರಿಮೋಟನ್ನು ತನ್ನಲ್ಲಿದ್ದ ಅದೇ ಕಂಪನಿಯ ಟೀವಿಗೆ ಹಿಡಿದ. ಟೀವಿ ಹತ್ತಿಕೊಂಡಿತು. ಅವನು ರಿಮೋಟನ್ನು ಕೆಳಗಿಟ್ಟು ಗಲ್ಲ ಕೆರೆದುಕೊಂಡ. ತನಗೊಂದು ಅನುಮಾನ, ಬೇಜಾರು ಮಾಡಿಕೊಳ್ಳಬಾರದು ಎಂದ.

“ಟೀವಿ ಹಿಂದೆ ಸ್ಕ್ರೂ ಇರುತ್ತಲ್ಲಮ್ಮಾ, ಎಲ್ಲಾ ಒಂದೇ ತರ ಇದ್ಯಾ ನೋಡಿ. ಕಂಪನಿಯವರು ಕಂಡಕಂಡ ಸ್ಕ್ರೂ ಹಾಕಲ್ಲ. ನಮ್ಮಂಥೋರು ಹಾಕೋದು. ರಿಮೋಟಿನ ಮಾತು ಕೇಳೋದು ಒಳಗಿನ ಬೋರ್ಡು, ಹೊರಗಿನ ಹೆಸರಲ್ಲ.”

“ಪೆಟ್ಟಿಗೆಯಲ್ಲಿ ಬಂದದ್ದು ಅದು. ನನ್ನ ಕೈಯಾರೆ ಅಂಟುಪಟ್ಟಿ ಬಿಚ್ಚಿದೀನಿ.”

“ಖಾಲಿ ಪೆಟ್ಟಿಗೆ ನನ್ನತ್ರಾನೂ ಇದೆ, ಅಂಟುಪಟ್ಟೀನೂ ಇದೆ,” ಎಂದು ಅವನು ಮೆಲ್ಲಗೆ ಹೇಳಿದ. ಅದರಲ್ಲಿ ಎದುರಾಳಿಯ ಖುಷಿ ಇರಲಿಲ್ಲ.

ಮನೆಗೆ ಬಂದವಳೇ ಟೀವಿಯನ್ನು ಗೋಡೆಯಿಂದ ಈಚೆಗೆ ಎಳೆದು ತಿರುಗಿಸಿದಳು. ಗಂಡನ ಗಂಟಲಿನ ಸದ್ದು ಏರಿತು, ಎಡಗೈ ಕುರ್ಚಿಯ ತೋಳನ್ನು ಬಡಿಯಿತು. ಆಕೆ ಕನ್ನಡಕ ಹಾಕಿಕೊಂಡು ಬಗ್ಗಿದಳು. ಒಂದು ಸ್ಕ್ರೂ ಕಪ್ಪು, ಒಂದು ಹಿತ್ತಾಳೆಯದು, ಒಂದರ ತಲೆ ಚಪ್ಪಟೆ, ಒಂದರದು ದುಂಡು. ಒಂದು ಮೂಲೆಯಲ್ಲಂತೂ ಬಾಗಿಲಿನ ಚಿಲಕಕ್ಕೆ ಹಾಕುವ ಮೊಳೆ. ವರ್ಷಾನುಗಟ್ಟಲೆ ಎದುರಿನ ಬೆಳ್ಳಿ ಅಕ್ಷರವನ್ನು ಮೆತ್ತನೆ ಬಟ್ಟೆಯಿಂದ ಒರೆಸಿದವಳು ಹಿಂಬದಿಯ ಧೂಳನ್ನು ಮಾತ್ರ ಎಂದೂ ಕೊಡವಿರಲಿಲ್ಲ. ಕರೆಂಟು ಹೊಡೆಯುತ್ತದೆ, ಕೈ ಹಾಕಬೇಡ ಎಂದು ಅವನೇ ಹೆದರಿಸಿದ್ದ.

ತಿರುಗಿ ನೋಡಿದಾಗ ಅವನು ಮುಖವನ್ನು ದಿಂಬಿನ ಕಡೆಗೆ ಹೊರಳಿಸಿಕೊಂಡಿದ್ದ.

ಅಲ್ಲಿಯವರೆಗೆ ಅವನು ರಿಮೋಟನ್ನು ತಳ್ಳಿದ್ದು ಸಿಟ್ಟಿನಿಂದ ಎಂದುಕೊಂಡಿದ್ದಳು. ಆ ಹೆಸರಿನ ರಿಮೋಟು ನಡೆಯುವುದಿಲ್ಲವೆಂಬುದು ಅವನೊಬ್ಬನಿಗೆ ಗೊತ್ತಿತ್ತು. ಹೇಳಲು ಬಾಯಿ ಇರಲಿಲ್ಲ, ತೋರಿಸಿಕೊಡಲು ಮನಸ್ಸೂ ಇರಲಿಲ್ಲ. ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟಳು. ನೆಲಮಾಳಿಗೆಯಲ್ಲಿ ಕೊಚ್ಚಿಕೊಂಡ ಮಾತುಗಳೆಲ್ಲ ಒಂದೊಂದಾಗಿ ಬಂದು ಕೆನ್ನೆಗೆ ಹೊಡೆದವು. ಜಗಳವಾಡಬೇಕೆಂದು ಬಾಯಿ ತುರಿಸಿತು. ಆದರೆ ಜಗಳಕ್ಕೂ ಇಬ್ಬರು ಬೇಕು, ಸೋಮವಾರ ಬಾಗಿಲಲ್ಲೇ ಇತ್ತು.

ಸ್ಟೂಲನ್ನು ಎಳೆದುಕೊಂಡು ಅವನೆದುರು ಕೂತು ಎಡಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಹೌದು ಎಂದರೆ ಒಂದು ಸಲ ಅದುಮುವುದು ಅವರಿಬ್ಬರ ನಡುವಿನ ರೂಢಿ.

“ಒಳಗಿರೋ ಬೋರ್ಡು ಯಾರದು? ಕೆಮ್ಮೋರದಾ?”

ಕಂಪನಿಗಳಿಗೆಲ್ಲ ಅವನು ಅಡ್ಡಹೆಸರು ಇಟ್ಟಿದ್ದ. ಊಟಕ್ಕೆ ಕೂತಾಗಲೆಲ್ಲ ಅವನ್ನೇ ಹಿಡಿದು ಶಾಪ ಹಾಕುತ್ತಿದ್ದ. ಕೇಳಿ ಕೇಳಿ ಆಕೆಗೂ ಬಾಯಿಪಾಠವಾಗಿತ್ತು. ದನಿ ಒಡೆಯುವ ಟೀವಿಯವರು ಕೆಮ್ಮೋರು. ಪರದೆ ಬೇಗ ಕಪ್ಪಾಗುವವರು ಕುರುಡರು. ಮಳೆ ಮೋಡ ಕಂಡರೂ ಸುಟ್ಟುಹೋಗುವವರು ಅಳುಮುಂಜಿಗಳು. ಒಂದೊಂದಾಗಿ ಹೇಳುತ್ತ ಹೋದಳು. ಕೈ ಅಲುಗಲಿಲ್ಲ. ಉಳಿದದ್ದು ಒಂದೇ, ಅದನ್ನು ಕೇಳಬೇಕೆಂದೇ ಆಕೆಗೆ ಅನ್ನಿಸಿರಲಿಲ್ಲ. ಅವನು ಎಲ್ಲಕ್ಕಿಂತ ಹೆಚ್ಚು ಬೈಯುತ್ತಿದ್ದದ್ದು ಆ ಕಂಪನಿಯನ್ನೇ. ಅವರ ಟೀವಿ ಕೆಡುತ್ತಲೇ ಇರಲಿಲ್ಲ. ಬೀದಿಯವರೆಲ್ಲ ಅದನ್ನೇ ಕೊಂಡರೆ ನಾವು ಮಣ್ಣು ತಿನ್ನಬೇಕು ಎಂದು ಕೂಗಾಡಿ, ಅವರಿಗೆ ಅನ್ನಗಳ್ಳರು ಎಂದು ಹೆಸರಿಟ್ಟಿದ್ದ.

“ಅನ್ನಗಳ್ಳರದಾ?”

ಅವನು ಅದುಮಿದ. ಬೆರಳು ನೋಯುವಷ್ಟು ಅದುಮಿದ.

ಬೆಳ್ಳಿ ಅಕ್ಷರದ ಮುಖ ಒಂದು ಟೀವಿಯಿಂದ, ಪರದೆ ಇನ್ನೊಂದರಿಂದ, ಆದರೆ ಎದೆಯನ್ನು ಮಾತ್ರ ಎಂದೂ ಕೆಡದ ಟೀವಿಯಿಂದ ಕಿತ್ತು ತಂದು ಕೂರಿಸಿದ್ದ. ಸುಳ್ಳು ಸುಳ್ಳೇ. ಅದನ್ನು ಆಕೆ ಮನ್ನಿಸಿದಳೆಂದು ಹೇಳಲಾಗದು. ಎದ್ದು ಹೋಗಿ ಅಂಗಡಿಯವನಿಂದ ಆ ಕಂಪನಿಯ ಸಂಖ್ಯೆ ಬರೆಸಿಕೊಂಡು ಬಂದಳು, ಅಷ್ಟೆ. ಅಂಗಡಿಯವನು ಯಾಕೆಂದು ಕೇಳಲಿಲ್ಲ. ಸಂಖ್ಯೆ ಒತ್ತಿದ ಕೂಡಲೇ ಟೀವಿ ಹತ್ತಿಕೊಂಡಿತು.

ಸೋಮವಾರ ಬೆಳಿಗ್ಗೆ ರಿಮೋಟನ್ನು ಗಟ್ಟಿ ಹತ್ತಿಯ ಪಟ್ಟಿಯಿಂದ ಕುರ್ಚಿಯ ಎಡತೋಳಿಗೆ ಬಿಗಿದು, ಅವನ ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು ಹೊರಟಳು. ರೋಲರಿನ ಮುಂದೆ ಕೈ ಕೆಲಸ ಮಾಡುತ್ತಿತ್ತು, ಜೀವ ಅಲ್ಲಿರಲಿಲ್ಲ. ಬಟ್ಟೆ ಸೊಟ್ಟಗೆ ಹೋಗಿ ಮಡಿಕೆ ಬಿತ್ತು.

“ಡಾಕ್ಟರಮ್ಮಾ, ನಾನು ಎಳೀತಾ ಇರೋದು ಬಟ್ಟೇನಾ, ನಿನ್ನನ್ನಾ?” ಎಂದಳು ಜೊತೆಗಾತಿ.

ಊಟದ ಬಿಡುವಿನಲ್ಲಿ ಕೆಳಮನೆಯಾಕೆಗೆ ಫೋನು ಮಾಡಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದರೂ ಎತ್ತಲಿಲ್ಲ. ಬಿದ್ದಿದ್ದಾನೆ, ಆಕೆ ಮೇಲೆ ಒಬ್ಬಳೇ ಎತ್ತಲಾಗದೆ ಒದ್ದಾಡುತ್ತಿದ್ದಾಳೆ ಎಂದುಕೊಂಡಳು. ಓಡಿಹೋದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಕೇಂದ್ರ; ಹೋಗದಿದ್ದರೆ ನೆಲದ ಮೇಲೆ ಅವನು, ಆಗಲೂ ಕೇಂದ್ರ. ಎತ್ತ ತಿರುಗಿದರೂ ಒಂದೇ ಬಾಗಿಲು. ತಿರುಗಿ ಬಂದು ತನ್ನ ತುದಿ ಹಿಡಿದಳು.

ಸಂಜೆ ಮೆಟ್ಟಿಲ ತಿರುವಿನಲ್ಲೇ ಟೀವಿಯ ಸದ್ದು ಕೇಳಿಸುವುದು ದಿನದ ಮಾತು. ಅಂದು ಕೇಳಿಸಲಿಲ್ಲ. ಕೆಳಮನೆಗೆ ಬೀಗ ಬಿದ್ದಿತ್ತು. ಮೇಲೆ ಹತ್ತಿ ತನ್ನ ಮನೆಯ ಬಾಗಿಲು ತೆರೆದಳು.

ಅವನು ಕುರ್ಚಿಯಲ್ಲೇ ಕೂತಿದ್ದ. ದಿಂಬು ಇದ್ದಲ್ಲೇ ಇತ್ತು. ಸ್ಟೂಲಿನ ಮೇಲೆ ಉಂಡ ತಟ್ಟೆ; ಕೆಳಮನೆಯಾಕೆ ಊಟ ಮಾಡಿಸಿಯೇ ಎಲ್ಲೋ ಹೋಗಿದ್ದಳು. ಎದುರಿಗೆ ಟೀವಿಯ ಪರದೆ ಕಪ್ಪಗಿತ್ತು.

“ಕೆಟ್ಟುಹೋಯ್ತಾ?”

ಹೆಬ್ಬೆರಳು ಗುಂಡಿ ಒತ್ತಿತು. ಟೀವಿಯಲ್ಲಿ ಯಾರೋ ನಗತೊಡಗಿದರು. ಮತ್ತೆ ಒತ್ತಿತು. ಕೋಣೆ ಸುಮ್ಮನಾಯಿತು.

ಕಾಯಿಲೆ ಬಿದ್ದಾಗಿನಿಂದ ಆಕೆ ಹಾಕಿಟ್ಟು ಹೋದದ್ದನ್ನು ಆಕೆ ಬಂದು ಆರಿಸುವವರೆಗೂ ಅವನು ನೋಡಬೇಕಿತ್ತು. ಮೂರು ರಿಮೋಟುಗಳಲ್ಲಿ ತಡಕಾಡುವ ಕೈಗೆ ಬೇಡ ಎನ್ನುವ ಗುಂಡಿಯೂ ಸಿಗುತ್ತಿರಲಿಲ್ಲವೆಂಬುದು ಆಕೆಗೆ ಹೊಳೆದಿರಲಿಲ್ಲ.

“ನೀವೇ ಆರಿಸಿದ್ದಾ? ಸಾಕಾಗಿತ್ತಾ?”

ಕೈ ಚಾಚಿ ಅವಳ ಕೈಯನ್ನು ಒಮ್ಮೆ ಅದುಮಿದ. ಆಕೆ ಚೀಲ ಹೆಗಲಲ್ಲಿರುವಂತೆಯೇ ನೆಲದ ಮೇಲೆ ಕೂತಳು. ಚೀಲ ಇಳಿಸುವಷ್ಟರಲ್ಲಿ ಫೋನು ಬಡಿದುಕೊಂಡಿತು.

“ಬಿದ್ನಾ?” ಎಂದರು ಭಾವ.

“ಇಲ್ಲ. ನಾಳೆ ವ್ಯಾನು ಬೇಡ.”

“ಹೀಗೆ ಎಷ್ಟು ದಿನ ಅಂತ ನಡೆಸ್ತೀಯಮ್ಮಾ?”

“ಗೊತ್ತಿಲ್ಲ ಭಾವ,” ಎಂದಳು. ಅವನನ್ನು ಬಚ್ಚಲಿಗೆ ಕರೆದೊಯ್ಯುವ ಹೊತ್ತಾಗಿತ್ತು. ಫೋನನ್ನು ಕೆಳಗಿಟ್ಟು ಹೋಗಿ ಅವನ ಬಲ ಕಂಕುಳಿಗೆ ಹೆಗಲು ಕೊಟ್ಟಳು. ಅವನು ಎಡಗೈಯನ್ನು ಕುರ್ಚಿಯ ತೋಳಿಗೆ ಊರಿದ. ಮೊದಲ ಸಲ ಆಗಲಿಲ್ಲ. ಎರಡನೆಯ ಸಲಕ್ಕೆ ಇಬ್ಬರೂ ಎದ್ದರು.