ಮಹಾದೇವಿಯ ಊಟದ ಟೇಬಲ್ಲು, ಕಂಪನಿಯ ಪೋಸ್ಟರು

ಸುಳ್ಳು ಅಂತ ಯಾರಾದ್ರೂ ಹೇಳ್ರಪ್ಪಾ…
ನಿನ್ನೆ ಸಂಜೆ ಕೆ.ಆರ್. ಪುರದ ಬಸ್ಸಲ್ಲಿ ನನ್ನ ಪಕ್ಕದಲ್ಲೇ ಕೂತು, ಕಂಡಕ್ಟರ್ ಹತ್ರ ಜಗಳ ಆಡ್ಕೊಂಡು ಹೋದೋಳು…
ಬೆಳಗಿನ ಜಾವ ಎದೆನೋವು ಅಂದ್ಲಂತೆ.
ಆಸ್ಪತ್ರೆ ಗೇಟ್ ದಾಟೋ ಮುಂಚೆನೇ ಹೋಗ್ಬಿಟ್ಲಂತೆ.
ಅವಳ ಗಂಡ ಫೋನ್ ಮಾಡಿ ಹೇಳಿದಾಗ ನಾನು ಕೆಲಸಕ್ಕೆ ಹೊರಟಿದ್ದೆ.

ಗೊತ್ತಿಲ್ಲದೋರಿಗೆ ಹೇಳ್ತೀನಿ.
ಮಹಾದೇವಿ, ಯಾದಗಿರಿ ಕಡೆಯೋಳು. ಶಿವಾಜಿನಗರದ ನಮ್ಮ ಲ್ಯಾಬಲ್ಲಿ ನನ್ನ ಜೊತೆ ಬ್ಲಡ್ ಸ್ಯಾಂಪಲ್ ತಗೊಳ್ತಿದ್ಲು.
ಬಾಯಿ ಜೋರು. ಕೈ ಮಾತ್ರ ಹಗುರ, ಸೂಜಿ ಚುಚ್ಚಿದ್ದೇ ಗೊತ್ತಾಗ್ತಿರ್ಲಿಲ್ಲ.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚೋ ಮುಂಚೆ ಅವಳದ್ದೊಂದು ಪದ್ಧತಿ.
"ಹೇಳ್ರಿ, ಇವತ್ತ ಯಾರ್ಯಾರು ಏನೇನ್ ಎಡವಟ್ಟ ಮಾಡೀರಿ?"
ಎಲ್ಲರಿಗಿಂತ ದೊಡ್ಡ ಎಡವಟ್ಟು ಮಾಡಿದೋರಿಗೆ ಅವಳ ಶೇಂಗಾ ಹಿಂಡಿ, ಅದೇ ಕಡ್ಲೆಕಾಯಿ ಚಟ್ನಿಪುಡಿ, ಮೊದಲು!
ನಗಬಹುದು, ಬೈಯೋ ಹಾಗಿಲ್ಲ. ಆಮೇಲೆ, ಮತ್ತೆ ಹಂಗಾಗದೇ ಇರಕ್ಕೆ ಏನ್ ಮಾಡ್ಬೇಕು ಅಂತ ಎಲ್ಲರೂ ಸೇರಿ ಕಿತ್ತಾಡಬೇಕು.
ನಾವು ಕೆಲಸ ಕಲ್ತಿದ್ದೇ ಅಲ್ಲಿ.

ಒಂದ್ಸಲ ಅವಳೇ ಸಿಕ್ಕಾಕ್ಕೊಂಡ್ಲು.
ಹಲಸೂರಿನ ಅಜ್ಜ ಒಬ್ರು ಫಾಸ್ಟಿಂಗ್ ಶುಗರ್ ಟೆಸ್ಟಿಗೆ ಬಂದಿದ್ರು. "ಏನಾರ ತಿಂದೀರೇನ್ರಿ?" ಅಂದ್ಲು. "ಏನೂ ತಿಂದಿಲ್ಲಮ್ಮಾ" ಅಂದ್ರು.
ರಿಪೋರ್ಟಲ್ಲಿ ಶುಗರ್ ಆಕಾಶಕ್ಕೆ!
ನೋಡಿದ್ರೆ, ಎದ್ದ ತಕ್ಷಣ ಒಂದು ದೊಡ್ಡ ಲೋಟ ಫಿಲ್ಟರ್ ಕಾಫಿ ಆಗಿದೆ. ಅಜ್ಜನ ಪ್ರಕಾರ ಕಾಫಿ ತಿಂದ ಲೆಕ್ಕಕ್ಕೇ ಬರಲ್ಲ.
ಅವತ್ತು ಹಿಂಡಿ ತಾನೇ ಮೊದಲು ಬಡಿಸ್ಕೊಂಡ್ಲು.
ಅವತ್ತಿಂದ ನಾವ್ಯಾರೂ "ತಿಂದ್ರಾ" ಅಂತ ಕೇಳಲ್ಲ. "ಎದ್ದ ಮೇಲೆ ಬಾಯಿಗೆ ಏನೇನ್ ಹೋಯ್ತು" ಅಂತ ಕೇಳ್ತೀವಿ.

ಚೆನ್ನಾಗಿತ್ತು ಅಲ್ವಾ?
ಕಂಪನಿಯೋರ ಕಣ್ಣಿಗೆ ಬಿತ್ತು ನೋಡಿ…
"ವಾವ್, ಇದನ್ನ ಪ್ರೋಗ್ರಾಂ ಮಾಡೋಣ" ಅಂದ್ರು. ಊಟದ ಟೇಬಲ್ ಹೋಗಿ ಮೀಟಿಂಗ್ ರೂಮ್ ಬಂತು. "ಲರ್ನಿಂಗ್ ಅವರ್" ಅಂತ ಹೆಸರು ಬೇರೆ. ನಾವು ಹೇಳಿದ ಒಂದೊಂದು ಎಡವಟ್ಟನ್ನೂ ಎಚ್‌ಆರ್ ಮೇಡಂ ಲ್ಯಾಪ್‌ಟಾಪಲ್ಲಿ ಟಕಟಕ ಅಂತ ಟೈಪ್ ಮಾಡ್ಕೊಂಡ್ರು.
ಯಾಕೆ ಅಂತ ಅಪ್ರೈಸಲ್ ಬಂದಾಗ ಗೊತ್ತಾಯ್ತು.
ಮಹಾದೇವಿಗೆ ಸೂಪರ್‌ವೈಸರ್ ಪೋಸ್ಟ್ ಕೊಡ್ಲಿಲ್ಲ. ಕಾರಣ? ಅಜ್ಜನ ಕಾಫಿ!
ನಾಲ್ಕು ಜನ ಕಲೀಲಿ ಅಂತ ಮೀಟಿಂಗಲ್ಲೂ ಅವಳೇ ಬಾಯ್ಬಿಟ್ಟು ಹೇಳಿದ್ದನ್ನ ಅವಳ ಕುತ್ತಿಗೆಗೇ ಕಟ್ಟಿದ್ರು.
ಥೂ ಇವರ ಜನ್ಮಕ್ಕೆ.
ಆಮೇಲೆ ಯಾರು ಬಾಯಿ ಬಿಡ್ತಾರೆ? "ಇವತ್ತು ನಂದೇನೂ ಇಲ್ಲ ಮೇಡಂ"… ಎಲ್ಲರದ್ದೂ ಅದೇ ಪಾಠ.

ಮಹಾದೇವಿ… ಕೇಳಿಸ್ಕೊಳೇ.
ಇವತ್ತು ನಿನ್ನ ಮುಖ ನೋಡಕ್ಕೆ ಅರ್ಧ ದಿನ ರಜಾ ಕೇಳಿದೆ ಕಣೇ. "ಸ್ಟಾಫ್ ಶಾರ್ಟೇಜ್" ಅಂದ್ರು.
ಪೋಸ್ಟರ್ ಮಾಡಕ್ಕೆ ಮಾತ್ರ ಸ್ಟಾಫ್ ಇದ್ರು!
ನಿನ್ ಫೋಟೋ, ಪಕ್ಕದಲ್ಲಿ ನಿನ್ ಮುಖಕ್ಕಿಂತ ದೊಡ್ಡ ಲೋಗೋ. ಕೆಳಗೆ "ನಮ್ಮ ಲರ್ನಿಂಗ್ ಪ್ರೋಗ್ರಾಂ ಬೆಳೆಸಿದ ಪ್ರತಿಭೆ".
ಬೆಳೆಸಿದ್ರಂತೆ ನಿನ್ನ!
ಅದರ ಮೇಲೆ ಎಚ್‌ಆರ್ ಫೋನು… "ಮಂಜುಳಾ, ಒಂದು ಚಿಕ್ಕ ವಿಡಿಯೋ ಕೊಡಿ. ಪ್ರೋಗ್ರಾಂ ಅವರ ಲೈಫ್ ಹೇಗೆ ಚೇಂಜ್ ಮಾಡ್ತು ಅಂತ. ಸ್ವಲ್ಪ ಎಮೋಷನಲ್ ಆಗಿರ್ಲಿ."

ಆ ಫೋನ್ ಇಡ್ತಿದ್ದಂಗೆ ಸ್ಟೆಲ್ಲಾ ಅಕ್ಕ ಬಂದ್ರು. ಲ್ಯಾಬಲ್ಲಿ ನಮ್ಮೆಲ್ಲರಿಗಿಂತ ಸೀನಿಯರ್. ಕಣ್ಣು ಕೆಂಪಗಿತ್ತು. ನಿಂಗೋಸ್ಕರ ಅಳ್ತಿದ್ದಾರೆ ಅನ್ಕೊಂಡೆ.
"ಮಂಜು, ಯಾರ್‌ಗೂ ಹೇಳ್ಬೇಡಮ್ಮಾ… ಬೆಳಿಗ್ಗೆ ಅತ್ತೆ ಸೊಸೆ ಒಟ್ಟಿಗೆ ಬಂದಿದ್ರಲ್ಲ, ಅವ್ರ ಟ್ಯೂಬ್ ಮೇಲಿನ ಹೆಸರಿನ ಸ್ಟಿಕ್ಕರ್ ಅದಲುಬದಲು ಆಯ್ತೋ ಏನೋ… ಮಹಾದೇವಿ ಸುದ್ದಿ ಕೇಳಿ ತಲೆನೇ ಓಡ್ಲಿಲ್ಲ. ಹೇಳಿದ್ರೆ ಬರ್ಕೊಳ್ತಾರೆ. ರಿಟೈರ್ ಆಗೋ ಟೈಮಲ್ಲಿ…"
ಬೆಳಿಗ್ಗೆಯಿಂದ ಬಾಯಿ ಹೊಲ್ಕೊಂಡು ಕೂತಿದ್ರು ಕಣೇ!
ಸೊಸೆ ತುಂಬು ಬಸುರಿ. ಆ ರಿಪೋರ್ಟ್ ನೋಡಿನೇ ಡಾಕ್ಟರ್ ಔಷಧಿ ಬರೀಬೇಕು.
ಓಡಿ ಹೋಗಿ ರಿಪೋರ್ಟ್ ನಿಲ್ಲಿಸಿದ್ವಿ. ಇಬ್ಬರನ್ನೂ ವಾಪಸ್ ಕರೆಸಿ, ಕೈಮುಗಿದು, ಮತ್ತೆ ಸ್ಯಾಂಪಲ್ ತಗೊಂಡ್ವಿ. ಅತ್ತೆ ಬಾಯಿಗೆ ಬಂದಂಗೆ ಬೈದ್ರು. ಬೈಯ್ಲಿ.
ನಿನ್ನ ಟೇಬಲ್ ಉಳಿದಿದ್ರೆ ಸ್ಟೆಲ್ಲಾ ಅಕ್ಕ ಆವಾಗ್ಲೇ ಕೂಗಿ ಹೇಳಿರೋರು.

ಎಚ್‌ಆರ್ ಮೇಡಂ, ವಿಡಿಯೋ ಕೊಡಲ್ಲ. ಇಲ್ಲಿ ಬರೆದಿರೋದೇ ನನ್ನ ಮಾತು. ಬೇಕಾದ್ರೆ ಲೋಗೋ ಹಾಕಿ ಶೇರ್ ಮಾಡ್ಕೊಳ್ಳಿ.
ಇದನ್ನ ಮೊದಲು ಸ್ಟೆಲ್ಲಾ ಅಕ್ಕನ ಹೆಸರು ಬಿಟ್ಟೇ ಬರೆದಿದ್ದೆ. ಅವರಿಗೆ ಓದಿ ಹೇಳಿದೆ.
ಕಣ್ಣೊರೆಸ್ಕೊಂಡು ಅಂದ್ರು… "ನನ್ ಹೆಸರು ಹಾಕಮ್ಮಾ. ಬರ್ಕೊಳ್ಳೋದಾದ್ರೆ ಬರ್ಕೊಳ್ಲಿ."

ಹೋಗಿ ಬಾರೇ ಮಹಾದೇವಿ…
ನಿನ್ನ ಆತ್ಮಕ್ಕೆ ಶಾಂತಿ ಸಿಗ್ಲಿ.
ನಮಗೆ ಸದ್ಯಕ್ಕೆ ಬೇಡ.