ರಾಕ್ಷಸನ ಬಾಯಲ್ಲಿ ‘ರಿ’

ಗೆಳೆಯರೇ, ಇವತ್ತು ಬೆಟಗೇರಿಯ ನಮ್ಮ ಮನೆಯಲ್ಲಿ ದಾಳ ಉರುಳಿಸುತ್ತ ಕಥೆ ಕಟ್ಟುವ ಆಟ ಆಡುತ್ತಿದ್ದೆವು. ಕಥೆ ನಡೆಸುವವನು ನನ್ನ ತಮ್ಮ ಮಂಜು. ಅವನು ಆಡಿಸುವ ರಾಕ್ಷಸ ಬೆಳಿಗ್ಗೆಯಿಂದ ನಮ್ಮನ್ನೆಲ್ಲ ‘ಲೇ’ ಎಂದೇ ಕರೆಯುತ್ತಿದ್ದ. ಆ ರಾಕ್ಷಸನ ಜೀವ ಒಂದು ಗಿಳಿಯಲ್ಲಿತ್ತು. ಕೊನೆಗೆ ಗಿಳಿ ನನ್ನ ಕೈಗೆ ಸಿಕ್ಕಿತು.

“ಗೋಣು ಮುರಿ ಅಕ್ಕಾ,” ಅಂದ ಮಂಜು.

“ಮುರಿಯಂಗಿಲ್ಲ. ಮನಿಗೆ ಒಯ್ದು ಸಾಕ್ತೀನಿ.”

“ಕಥಿಯೊಳಗ ಹಂಗಿಲ್ಲ. ಗಿಳಿ ಸಾಯಾಕ ಬೇಕು.”

“ಹಂಗಾದ್ರ ನನ್ನ ಕೈಯಾಗ ದಾಳ ಯಾಕ ಕೊಟ್ಟಿ?”

ಆರು ಬಿದ್ದರೆ ಮಾತ್ರ ಒಪ್ಪುತ್ತೇನೆ ಎಂದ. ಆರೇ ಬಿತ್ತು. ಮುಖ ಗಂಟಿಕ್ಕಿಕೊಂಡು ರಾಕ್ಷಸನ ದನಿ ತೆಗೆದ: “ಅಕ್ಕಾರ, ಗಿಳಿದು ಊಟ ಆತೇನ್ರಿ?”

ಗೋಣು ಮುರಿದಿದ್ದರೆ ರಾಕ್ಷಸ ಸಾಯುತ್ತಿದ್ದ, ನಿಜ. ಆದರೆ ‘ಲೇ’ ಅನ್ನುತ್ತಲೇ ಸಾಯುತ್ತಿದ್ದ.